ಎಡಚ ಮೇಸ್ತ್ರಿಯ ಕೀಸುಳಿ

ಕರೆಂಟ್ ಹೋಯ್ತು. ಇನ್ನು ಮಿಷನ್ ಓಡಲ್ಲ, ನಿಮ್ಮ ಬಟ್ಟೆ ಇವತ್ತು ಆಗಲ್ಲ. ಕೂತ್ಕೊಳ್ಳಿ. ಬಾಗಿಲು ಸ್ವಲ್ಪ ಮುಂದಕ್ಕೆ ಮಾಡಿ... ಗಾಳಿಗೆ ಮೇಣದಬತ್ತಿ ಆರುತ್ತೆ. ಒಂದು ವಿಷಯ ಹೇಳ್ತೀನಿ. ನಗೋರು ಈಗಲೇ ನಕ್ಕುಬಿಡಿ, ಆಮೇಲೆ ನಗಬೇಡಿ. ನಾನು ಟೇಲರ್. ಇಪ್ಪತ್ತೆರಡು ವರ್ಷದಿಂದ ಅಳತೆ ತಗೊಂಡೇ ಬದುಕ್ತಿದ್ದೀನಿ. ನಾಳೆ ಕೊಡ್ತೀನಿ, ನಾಡಿದ್ದು ಕೊಡ್ತೀನಿ ಅಂತ ನಿಮಗೆಲ್ಲ ಸುಳ್ಳು ಹೇಳಿದ್ದೀನಿ, ಒಪ್ಕೋತೀನಿ. ಅಳತೇಲಿ ಮಾತ್ರ ಒಂದು ನೂಲೂ ಸುಳ್ಳು ಹೇಳಿಲ್ಲ.

ಇದು ನನ್ನ ಚಿಕ್ಕಮ್ಮನ ಮಗನಿಗೆ ಆಗಿದ್ದು, ನನ್ನನ್ನ ಅಕ್ಕ ಅಂತ ಕರೆಯೋನು. ಬಡಗಿ. ಊರೆಲ್ಲ ಅವನನ್ನ ಚೌಕಾಸಿ ಅಂತಲೇ ಕರೆಯೋದು. ಹೊಸ ಸಾಮಾನು ಕೊಂಡಿದ್ದು ನಾನು ಕಾಣೆ. ಎಲ್ಲಿ ಹಳೇ ಉಳಿ, ಗರಗಸ, ಸುತ್ತಿಗೆ ಹರಾಜಿಗೆ ಬಂದ್ರೂ ಇವನು ಹಾಜರು. ಎಲ್ಲರೂ ಕೈಬಿಟ್ಟ ಮೇಲೆ ಕೂಗ್ತಾನೆ, ಕಮ್ಮಿಗೆ ಹೊಡ್ಕೊಂಡು ಬರ್ತಾನೆ. ಅದರಲ್ಲೇ ಅವನಿಗೆ ಸುಖ.

ಅವತ್ತು ಹರಾಜು ಮುಗಿಯೋಷ್ಟರಲ್ಲಿ ಕಡೇ ಬಸ್ಸು ಹೋಗಿತ್ತು. ನಡ್ಕೊಂಡೇ ಬಂದ. ಹನ್ನೊಂದು ದಾಟಿತ್ತು. ನಮ್ಮ ಬೀದಿ ತಿರುವಿನಲ್ಲಿ ಹಾಳು ಬಾವಿ ಇದೆಯಲ್ಲ, ಮೇಲೆ ಕಬ್ಬಿಣದ ಜಾಲರಿ ಹಾಕಿರೋದು... ಅಲ್ಲಿಗೆ ಬಂದಾಗ ಹೆಗಲ ಮೇಲಿನ ಚೀಲದೊಳಗೆ ಸದ್ದು.

ಸರ್ರ್...

ನಿಂತ. ಸದ್ದೂ ನಿಂತಿತು. ಇಲಿ ಇರಬೇಕು ಅನ್ಕೊಂಡ. ಎರಡು ಹೆಜ್ಜೆ ಹಾಕಿದ.

ಸರ್ರ್... ಟಕ್.

ಚೀಲಾನ ಬಾವಿ ಕಟ್ಟೆ ಮೇಲಿಟ್ಟು ಬಾಯಿ ಬಿಚ್ಚಿದ. ಒಳಗೆ ಇದ್ದಿದ್ದು ಒಂದೇ ಒಂದು ಕೀಸುಳಿ. ಮರದ ಮೇಲೆ ತಳ್ಳಿ ತಳ್ಳಿ ನಯ ಮಾಡ್ತಾರಲ್ಲ, ತಳದಲ್ಲಿ ಅಲಗು ಇರುತ್ತಲ್ಲ, ಅದು. ಒಳ್ಳೇ ಬಡಗಿಗಳು ಅದನ್ನ ಕೆಳಗಿಡುವಾಗ ನೆಟ್ಟಗೆ ಇಡಲ್ಲ. ಅಲಗು ಮೊಂಡಾಗುತ್ತೆ ಅಂತ ಮಗ್ಗುಲಿಗೆ ಮಲಗಿಸ್ತಾರೆ. ನಮ್ಮವನಿಗೆ ಅಷ್ಟೆಲ್ಲ ತಾಳ್ಮೆ ಎಲ್ಲಿ? ನೆಟ್ಟಗೆ ಇಟ್ಟು ಗೋಣಿ ಸುತ್ತಿ ತಂದಿದ್ದ. ಈಗ ನೋಡಿದ್ರೆ ಗೋಣಿ ಬಿಚ್ಚಿಕೊಂಡಿತ್ತು. ಕೀಸುಳಿ ಮಗ್ಗುಲಾಗಿ ಮಲಗಿತ್ತು.

ಮನೆ ಸೇರೋವರೆಗೆ ಓಡಿದ್ದಾನೆ, ಆ ಡೊಳ್ಳು ಹೊಟ್ಟೆ ಹೊತ್ಕೊಂಡು!

ಯಾಕೆ ಓಡಿದ ಅಂದ್ರೆ, ಆ ಕೀಸುಳಿ ಅವನು ಕೊಂಡಿದ್ದಲ್ಲ. ಹಾಗೆ ನೋಡಿದ್ರೆ ಕದ್ದಿದ್ದೂ ಅಲ್ಲ... ಅದೇ ತಾನೇ ಅವನ ಜಾಣತನ. ಹರಾಜಿನ ದಿನ ಬೆಳಗ್ಗೆ ಪೆಟ್ಟಿಗೆಗಳನ್ನೆಲ್ಲ ಸಾಲಾಗಿ ಇಟ್ಟಿರ್ತಾರೆ, ಮೇಲೆ ಸೀಮೆಸುಣ್ಣದಲ್ಲಿ ನಂಬರ್. ಬಂದೋರು ಮುಟ್ಟಿ ನೋಡಬಹುದು. ಒಂದು ಪೆಟ್ಟಿಗೇಲಿ ಎಡಚ ಮೇಸ್ತ್ರಿ ಸಾಮಾನು ಇತ್ತು. ಎಡಗೈಯಲ್ಲಿ ಕೆಲಸ ಮಾಡ್ತಿದ್ದ ಹಳೇ ಬಡಗಿ ಆತ, ಆತ ಮಾಡಿದ ಬಾಗಿಲು ಮುಚ್ಚಿದ್ರೆ ಉಸಿರೂ ತೂರಲ್ಲ ಅಂತ ಹೆಸರು. ಆ ಕೀಸುಳಿ ಹಿಡಿ ಎಡಗೈ ಆಕಾರಕ್ಕೆ ಸವೆದು ಹೋಗಿತ್ತಂತೆ. ನಮ್ಮ ಚೌಕಾಸಿ ಆ ಕಡೆ ಈ ಕಡೆ ನೋಡಿದ. ಕೀಸುಳೀನ ಎತ್ತಿ, ಇನ್ನೊಂದು ಪೆಟ್ಟಿಗೇಲಿ ತುಕ್ಕು ಹಿಡಿದ ಮೊಳೆ, ಮುರಿದ ಚಿಲಕ ಇತ್ತಲ್ಲ, ಅದರ ತಳಕ್ಕೆ ಹುಗಿದ. ಸಂಜೆ ಆ ಕಸಾನ ಯಾರು ಕೇಳ್ತಾರೆ? ಇವನೊಬ್ಬನೇ ಕೂಗಿದ. ಒಂದು ಸಲ, ಎರಡು ಸಲ, ಮೂರು ಸಲ... ಠಕ್! ಚಿಲ್ಲರೆ ಕಾಸಿಗೆ ಇವನ ಪಾಲಾಯ್ತು. ಕಸಾನ ಮೂಲೇಲಿ ಸುರಿದು, ಕೀಸುಳೀನ ಮಾತ್ರ ಚೀಲಕ್ಕೆ ಹಾಕ್ಕೊಂಡ.

ಮೇಸ್ತ್ರಿ ಪೆಟ್ಟಿಗೇನ ಒಬ್ಬಳು ಹೆಣ್ಣುಮಗಳು ಕೊಂಡಳು. ಮೇಸ್ತ್ರಿ ಮಗಳು. ದೊಡ್ಡ ದೊಡ್ಡ ಅಂಗಡಿಯವರ ಎದುರಿಗೆ ನಿಂತು, ಕೈಲಿದ್ದಿದ್ದನ್ನೆಲ್ಲ ಸುರಿದು ಕೂಗಿದಳು. ಗೆದ್ದಳು. ಅಲ್ಲೇ ನೆಲದ ಮೇಲೆ ಕೂತು ಪೆಟ್ಟಿಗೆ ಬಿಚ್ಚಿದಳು, ಒಂದೊಂದೇ ತೆಗೆದು ಪಕ್ಕಕ್ಕಿಟ್ಟಳು. ಉಳಿ, ರಂಧ್ರ ಕೊರೆಯೋದು, ಸಾಣೆ ಕಲ್ಲು. ಪೆಟ್ಟಿಗೆ ಖಾಲಿ ಆಯ್ತು.

"ಅಪ್ಪನ ಕೀಸುಳಿ ಎಲ್ಲಿ? ಬೆಳಗ್ಗೆ ನಾನೇ ನೋಡಿದ್ದೆ... ಯಾರು ತೆಗೆದ್ರು?"

ಹರಾಜಿನವನು, "ನೋಡ್ಕೊಂಡು ತಗೋಬೇಕಿತ್ತಮ್ಮ" ಅಂದ. ಅಷ್ಟೇ.

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ನಮ್ಮವನು ಚೀಲದ ಬಾಯಿ ಬಿಗಿಯಾಗಿ ಹಿಡ್ಕೊಂಡು ಹಿಂದಿನ ಬಾಗಿಲಿಂದ ಜಾರಿದ. ಒಂದು ಮಾತು ಹೇಳಿದ್ರೆ ಮುಗೀತಿತ್ತು. ಹೇಳಿದ್ರೆ ಇನ್ನು ಯಾವ ಹರಾಜಿಗೂ ಕಾಲಿಡೋಕೆ ಬಿಡ್ತಿರಲಿಲ್ಲ, ಅದೇ ಅವನಿಗೆ ದೊಡ್ಡದಾಯ್ತು.

ಈಗ ಮನೆ ವಿಷಯ ಕೇಳಿ. ಅವನ ಹೆಂಡತಿ ಆಗ ತುಂಬು ಬಸುರಿ. ಅದಕ್ಕೂ ಮುಂಚೆ ಎರಡು ಹೋಗಿದ್ವು. ಒಂದು ನಾಲ್ಕು ತಿಂಗಳಿಗೆ, ಒಂದು ಏಳಕ್ಕೆ. ಈ ಮಗು ಉಳಿದ್ರೆ ಸಾಕು ಅಂತ ಇಬ್ಬರೂ ಜೀವ ಕೈಲಿ ಹಿಡ್ಕೊಂಡಿದ್ರು. ನಮ್ಮವನು ಮನೆ ಹಿಂದಿನ ಕೆಲಸದ ಕೋಣೇಲಿ ತೊಟ್ಟಿಲು ಮಾಡ್ತಿದ್ದ. ಹಳೇ ಬೀರು ಒಡೆದು ತೆಗೆದ ಕೆಂಪು ಹಲಗೆ, ಕೀಸಿದ್ರೆ ಕಾಳುಮೆಣಸಿನ ಘಾಟು. ಅದಕ್ಕೊಂದಕ್ಕೆ ಮಾತ್ರ ಅವನು ಅವಸರ ಮಾಡಿರಲಿಲ್ಲ ನೋಡಿ. ಹಲಗೆ ಹೆಬ್ಬೆರಳು ದಪ್ಪ ಇತ್ತು.

ಕೀಸುಳಿ ಬಂದ ರಾತ್ರಿಯಿಂದ ಶುರು.

ದಿನಾ ಸರಿರಾತ್ರೀಲಿ ಹಿಂದಿನ ಕೋಣೆಯಿಂದ... ಸರ್ರ್... ಸರ್ರ್... ಆಮೇಲೆ ಟಕ್. ಎದ್ದು ಹೋದ್ರೆ ಯಾರೂ ಇಲ್ಲ. ಕೀಸುಳಿ ಮಗ್ಗುಲಾಗಿರೋದು. ತೊಟ್ಟಿಲಿನ ಒಂದು ಪಕ್ಕದ ಹಲಗೆ ಮುಟ್ಟಿದ್ರೆ ಬೆಚ್ಚಗೆ. ದಿನಾ ಒಂಚೂರು ತೆಳ್ಳಗೆ. ಒಂದೇ ಪಕ್ಕ, ಎಡಪಕ್ಕ. ನೆಲದ ಮೇಲೆ ಮಾತ್ರ ಒಂದು ಸುರುಳಿ ಇಲ್ಲ, ಒಂದು ಚಿಟಿಕೆ ಹೊಟ್ಟಿಲ್ಲ. ಮರ ಕೀಸಿದ್ರೆ ಸುರುಳಿ ಬೀಳಲೇಬೇಕು ತಾನೇ? ಎಲ್ಲಿಗೆ ಹೋಯ್ತು?

ಕೀಸುಳೀನ ಟ್ರಂಕಿಗೆ ಹಾಕಿ ಬೀಗ ಜಡಿದ. ಟ್ರಂಕಿನೊಳಗಿಂದ ಸದ್ದು ಬಂತು, ಹಲಗೆ ಸವೆದೇ ಸವೆಯಿತು. ಸತ್ತವನು ಬಂದಿದ್ದಾನೆ ಅಂತ ಅವನಿಗೆ ಖಾತ್ರಿ ಆಯ್ತು. ಬಡಗಿ ಬದುಕಿರೋವರೆಗೆ ಅವನ ಕೀಸುಳಿ ಹರಾಜಿಗೆ ಬರಲ್ಲ, ಅದು ಆ ಕಸುಬಿನವರಿಗೆಲ್ಲ ಗೊತ್ತು. ಸತ್ತೋನ ಹತ್ರ ಹೋಗಿ ತಪ್ಪಾಯ್ತು ಅನ್ನೋಕಾಗುತ್ತಾ? ಮಗಳ ಹತ್ರ ಹೋಗೋಕೆ ಮುಖ ಇಲ್ಲ. ಹೀಗೇ ಹತ್ತೊಂಬತ್ತು ರಾತ್ರಿ ಕಳೆದ, ಹೆಂಡತಿಗೂ ಬಾಯಿ ಬಿಡಲಿಲ್ಲ.

ಇಪ್ಪತ್ತನೇ ಸಂಜೆ ನಾನು ಹೋದೆ, ಮಗುವಿಗೆ ಹೊಲಿದ ಬಟ್ಟೆ ಕೊಡೋಣ ಅಂತ. ನೋಡಿದ್ರೆ ಹೆಂಡತಿ ತೊಟ್ಟಿಲ ಪಕ್ಕ ನೆಲದ ಮೇಲೆ ಕೂತಿದ್ದಾಳೆ. ಹಲಗೆ ಆ ಕಡೆ ದೀಪ ಹಿಡಿದಿದ್ದಾಳೆ. ಈ ಕಡೆ ನನಗೆ ಬೆಳಕು ಕಾಣ್ತಿದೆ... ಹಲಗೆ ಮೂಲಕ. ಕೆಂಪಗೆ.

"ಅತ್ತಿಗೆ, ಇವತ್ತು ರಾತ್ರಿ ಇನ್ನೊಂದು ಸಲ ಕೀಸಿದ್ರೆ ತೂತು ಬೀಳುತ್ತೆ" ಅಂದಳು. "ಆಮೇಲೆ ನನ್ನ ಮಗು..."

ನಾನು ನಮ್ಮವನನ್ನ ಅಡುಗೆಮನೆಗೆ ಎಳೆದೆ.

"ಏನೋ ಮಾಡಿದ್ದೀಯ? ನಿಜ ಹೇಳು."

"ಏನಿಲ್ಲ ಅಕ್ಕ..."

"ಏನಿಲ್ಲದೆ ಮುಖ ಹೀಗ್ಯಾಕೆ ಬಿಳುಚಿದೆ? ಮೆಲ್ಲಗೆ ಹೇಳು. ಅವಳಿಗೆ ಕೇಳಿಸೋದು ಬೇಡ."

ಎಲ್ಲ ಕಕ್ಕಿದ. ನಾನು ಬೈದಿದ್ದನ್ನ ಇಲ್ಲಿ ಹೇಳಲ್ಲ, ಮಕ್ಕಳಿದ್ದಾವೆ. ಕಡೇಗೆ ಇಷ್ಟೇ ಅಂದೆ: "ಮಾಡಿದ್ದುಣ್ಣೋ ಮಹರಾಯ ಅಂತಾರೆ. ನೀನು ಮಾಡಿದ್ದನ್ನ ಆ ಹೊಟ್ಟೇಲಿರೋದು ಯಾಕೋ ಉಣ್ಬೇಕು? ಎದ್ದೇಳು. ಈಗಲೇ ಕೊಟ್ಟು ಬಾ."

ಹರಾಜಿನವನ ಮನೆ ಬಾಗಿಲು ತಟ್ಟಿ, ಮಾಡಿದ್ದು ಹೇಳಿ, ಬೈಸಿಕೊಂಡು, ಮೇಸ್ತ್ರಿ ಮನೆ ವಿಳಾಸ ಕೇಳಿದನಂತೆ. ಊರಾಚೆ. ಅಲ್ಲಿಗೆ ಮುಟ್ಟಿದಾಗ ರಾತ್ರಿ ಒಂದೂವರೆ. ಬಾಗಿಲು ತೆಗೆದಿದ್ದು ಆ ಹೆಣ್ಣುಮಗಳೇ. ಇವನು ಹೊಸ್ತಿಲಲ್ಲೇ ಚೀಲ ಚಾಚಿದ.

"ನಾನೇ ತೆಗೆದಿದ್ದು ತಾಯಿ. ನಿಮ್ಮ ತಂದೆ ಆತ್ಮಕ್ಕೆ ಹೇಳಿ, ನನ್ನ ಮಗೂನ ಬಿಟ್ಟುಬಿಡೋಕೆ..."

ಅವಳು ಬಾಗಿಲು ಪೂರ್ತಿ ತೆಗೆದಳು. "ಆತ್ಮ ಯಾಕೆ? ಅಪ್ಪ ಒಳಗಿದ್ದಾರೆ. ಬನ್ನಿ... ಸದ್ದು ಮಾಡಬೇಡಿ."

ಹೂಂ. ಸತ್ತಿರಲಿಲ್ಲ.

ಮುದುಕನಿಗೆ ಲಕ್ವಾ ಹೊಡೆದು ಒಂದೂವರೆ ವರ್ಷ. ಕಾಲಿಲ್ಲ, ಮಾತಿಲ್ಲ, ಬಲಗೈ ಇಲ್ಲ. ಮಲಗಿದಲ್ಲೇ ಎಲ್ಲ. ಇನ್ನು ಏಳಲ್ಲ ಅಂತ ಮರಗೆಲಸದ ಷೆಡ್ಡಿನ ಪಾಲುದಾರ ಸಾಮಾನೆಲ್ಲ ಹರಾಜಿಗೆ ಹಾಕಿದ್ದ. ಉಳಿದಿದ್ದು ಎಡಗೈ ಒಂದೇ. ಆ ಕೈ ಹೊದಿಕೆ ಮೇಲೆ ಹಿಂದಕ್ಕೂ ಮುಂದಕ್ಕೂ ಹೋಗ್ತಾನೇ ಇತ್ತಂತೆ... ಸರ್ರ್... ಸರ್ರ್... ಆಮೇಲೆ ಮಂಚದ ಅಂಚಿಗೆ, ಟಕ್.

"ಕೀಸುಳಿ ಕೈಗೆ ಕೊಟ್ರೆ ಸಮಾಧಾನ ಆಗಬಹುದು ಅಂತ ಕೊಳ್ಳೋಕೆ ಬಂದಿದ್ದೆ" ಅಂದಳು. "ಅದು ಸಿಗದ ರಾತ್ರಿಯಿಂದ ಕೈ ನಿಂತೇ ಇಲ್ಲ."

ಆಮೇಲೆ ಮಂಚದ ಕೆಳಗಿಂದ ಒಂದು ದಿಂಬಿನ ಚೀಲ ಎಳೆದಳು. ಬಾಯಿ ಬಿಚ್ಚಿದಳು. ತುಂಬ ಮರದ ಸುರುಳಿ.

"ದಿನಾ ಬೆಳಗ್ಗೆ ಹಾಸಿಗೇಲಿ ಸಿಗುತ್ತೆ. ನಮ್ಮನೇಲಿ ಕೀಸೋಕೆ ಒಂದು ಕಡ್ಡಿ ಮರ ಇಲ್ಲ. ನೀವೂ ಬಡಗಿ ಅಲ್ವಾ... ಇದು ಯಾವ ಮರ ಹೇಳ್ತೀರಾ?"

ಕೆಂಪು ಸುರುಳಿ. ಕಾಳುಮೆಣಸಿನ ಘಾಟು. ಇವನು ಅಲ್ಲೇ ಮಗುವಿನ ಹಾಗೆ ಅತ್ತನಂತೆ.

ಅವಳು ಕೀಸುಳೀನ ಅಪ್ಪನ ಎಡಗೈ ಕೆಳಗಿಟ್ಟಳು. ಬೆರಳು ಹಿಡಿಯನ್ನ ಹುಡುಕಿತು. ಸಿಕ್ಕಿತು. ಮುದುಕ ಉದ್ದಕ್ಕೆ ಉಸಿರೆಳೆದು ಮುಂದಕ್ಕೆ ಒಂದೇ ಒಂದು ಸಲ ತಳ್ಳಿದ. ಒಂದು ಗೇಣೂ ಹೋಗಲಿಲ್ಲ. ಆಮೇಲೆ ಕೀಸುಳೀನ ಮೆಲ್ಲಗೆ ಮಗ್ಗುಲಿಗೆ ಮಲಗಿಸಿದ. ಟಕ್. ಕೈ ನಿಂತಿತು. ಗೋಡೆ ಗಡಿಯಾರದಲ್ಲಿ ಎರಡು ಗಂಟೆ. ಬೆಳಗಿನ ಜಾವ ಜೀವ ಹೋಯ್ತು, ಇವನೂ ಪಕ್ಕದಲ್ಲೇ ಇದ್ದ.

ಇದು ಅವನು ಕಂಡಿದ್ದು. ನಾನು ಕೇಳಿದ್ದು ಈಗ ಹೇಳ್ತೀನಿ.

ಆ ರಾತ್ರಿ ಅವನ ಹೆಂಡತಿ ಜೊತೆ ನಾನೊಬ್ಬಳೇ. ಹಿಂದಿನ ಕೋಣೆಗೆ ಹೊರಗಿಂದ ಚಿಲಕ ಹಾಕಿ, ಅವಳ ಕೈ ಹಿಡ್ಕೊಂಡು ಕೂತಿದ್ದೆ. ಕೀಸುಳಿ ಮನೇಲಿಲ್ಲ, ಹೆದರಬೇಡ ಅಂತ ಅವಳಿಗೆ ಹೇಳ್ತಾನೇ ಇದ್ದೆ. ಎರಡು ಗಂಟೆ ಆಯ್ತು.

ಸರ್ರ್ರ್ರ್...

ಒಳಗಿಂದ. ಈ ಸಲ ಉದ್ದಕ್ಕೆ. ನಿಲ್ಲಲೇ ಇಲ್ಲ. ಅದರ ಮಧ್ಯದಲ್ಲಿ ಇನ್ನೊಂದು ಸದ್ದು... ದಪ್. ಒಂದು ಹೆಜ್ಜೆ. ದಪ್. ಇನ್ನೊಂದು. ಬರಿಗಾಲಿನ ಹೆಜ್ಜೆ, ಅವಸರ ಇಲ್ಲದ್ದು. ಆಮೇಲೆ ಟಕ್.

ಅವಳು ನನ್ನ ಕೈ ಹಿಡಿದು ಹೊಟ್ಟೆ ಮೇಲಿಟ್ಟಳು. "ಅತ್ತಿಗೆ... ಒದೀತು."

ನಾವಿಬ್ಬರೂ ಬೆಳಗಾಗೋವರೆಗೆ ಅಳ್ತಾ ಕೂತಿದ್ವಿ, ಭಯಕ್ಕೋ ಸಂತೋಷಕ್ಕೋ ಗೊತ್ತಿಲ್ಲ. ಅವನು ಬಂದು ಎಲ್ಲ ಹೇಳಿದ ಮೇಲೇ ಕೋಣೆ ಬಾಗಿಲು ತೆಗೆದದ್ದು. ಹಲಗೆ ಹಾಗೇ ಇತ್ತು. ತೂತು ಬಿದ್ದಿರಲಿಲ್ಲ. ತೊಟ್ಟಿಲೊಳಗೆ ಒಂದು ಸುರುಳಿ ಇತ್ತು. ಕೆಂಪಗೆ, ಎಲ್ಲೂ ಹರಿಯದೆ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ.

ಮಗು ಚೆನ್ನಾಗಿದೆ. ಹೆಣ್ಣು. ಅದೇ ತೊಟ್ಟಿಲಲ್ಲಿ ಮಲಗಿ ಬೆಳೀತು, ಈಗ ಸ್ಕೂಲಿಗೆ ಹೋಗ್ತಿದೆ. ಅವರಪ್ಪ ಈಗ ಹೊಸ ಸಾಮಾನೇ ಕೊಳ್ಳೋದು, ಅದೂ ಕೇಳಿದಷ್ಟು ಕೊಟ್ಟು.

ಅಲ್ರೀ, ಯಾರು ನಕ್ಕಿದ್ದು? ನಂಬದಿದ್ರೆ ಬಿಡಿ. ಆ ಸುರುಳಿ ಇವತ್ತಿಗೂ ಅವರ ಮನೆ ಬೀರುವಿನಲ್ಲಿದೆ. ಅವತ್ತು ಬೆಳಗ್ಗೆ ನಾನೇ ಕೈಯಾರೆ ಬಿಚ್ಚಿ ನೆಲದ ಮೇಲೆ ಹಾಸಿದೆ, ಕುತ್ತಿಗೇಲಿರೋ ಈ ಟೇಪಿನಲ್ಲೇ ಅಳೆದೆ. ತೊಟ್ಟಿಲ ಹಲಗೆ ಎರಡೂವರೆ ಅಡಿ. ಸುರುಳಿ ಆರಡಿ ಎರಡಂಗುಲ. ಅಷ್ಟುದ್ದ ಒಂದೇ ಸಲ ತಳ್ಳಿ ತೆಗೀಬೇಕಾದ್ರೆ ಕೂತಲ್ಲಿ ಮಲಗಿದಲ್ಲಿ ಆಗಲ್ಲ ಅಂದ ನಮ್ಮವನು. ಕೀಸುಳಿ ಜೊತೆ ಮನುಷ್ಯ ಎರಡು ಹೆಜ್ಜೆ ನಡೀಬೇಕಂತೆ.