ಕಚ್ಚಿದರೆ ಬಿಸ್ಕತ್ತು

ಪಶುವೈದ್ಯರ ಜಗುಲಿಯಲ್ಲಿ, ನನ್ನ ಪಕ್ಕದ ಬೆಂಚಿನ ಮೇಲೆ ಒಬ್ಬ ಸೊಸೆಯೂ ಅವಳ ಮಾವನೂ ಕುಳಿತಿದ್ದರು. ಮೂರು ತಿಂಗಳ ನಾಯಿಮರಿ ಮಾವನ ಪ್ಯಾಂಟಿನ ಅಂಚು ಜಗ್ಗುತ್ತಿತ್ತು.

“ಕಚ್ಚಿದಾಗಲೆಲ್ಲ ಬಿಸ್ಕತ್ತು ಕೊಟ್ರೆ ಇನ್ನೇನಾಗುತ್ತೆ ಮಾವ?”

“ಕೊಟ್ರೆ ತಾನೇ ಬಿಡೋದು?”

“ಬಿಟ್ಟು, ತಿಂದು, ಮತ್ತೆ ಕಚ್ಚುತ್ತೆ. ಅದು ನಿಮ್ಮನ್ನೇ ಪಳಗಿಸಿದೆ.”

“ಪಾಪ, ಹಲ್ಲು ಬರ್ತಿದೆ ಕಣಮ್ಮ.”

“ಮಗು ಕೈಗೂ ತಾಗಿತಲ್ಲ ಆ ಹಲ್ಲು. ಇನ್ನೊಂದು ಬಿಸ್ಕತ್ತು ಕೊಟ್ಟಿರೋ, ಮರಿ ಇವತ್ತೇ, ಅದನ್ನ ಕೊಟ್ಟ ಹಾಲಿನವರ ಮನೆಗೆ ವಾಪಸ್.”

“ಮತ್ತೆ ಕಚ್ಚಿದ್ರೆ ಏನ್ಮಾಡ್ಲಿ?”

“ಅಲ್ಲಾಡದೆ ನಿಂತ್ಕೊಳ್ಳಿ. ಬೇಜಾರಾಗಿ ಬಿಡುತ್ತೆ.”

ಒಳಗಿನಿಂದ ಕರೆ ಬಂತು. ಮಾವ ಎದ್ದರು, ಮರಿ ಮತ್ತೆ ಕಚ್ಚಿತು. ಅವರು ಎರಡೂ ಕೈ ಕಂಕುಳಿಗೆ ಸೇರಿಸಿ, ಕಣ್ಣು ಬಿಗಿಯಾಗಿ ಮುಚ್ಚಿ ನಿಂತುಬಿಟ್ಟರು.

“ಕಣ್ಣು ಬಿಡಿ ಮಾವ,” ಎಂದಳು ಸೊಸೆ, ಒಳಗೆ ಹೋಗುತ್ತ. “ಅದು ಆಗಲೇ ಬಿಟ್ಟು ಡಾಕ್ಟರ ಹತ್ರ ಹೋಯ್ತು.”