ದಾರದ ಮೇಲಿನ ಬಿಲ್ಲೆ

ನಗಬೇಡ್ವೋ ಐವಿಂದ್! ಈ ಒತ್ತಿದ ಗಾಳಿಯಲ್ಲಿ ಯಾರ ದನಿಯಾದ್ರೂ ಹಿಂಗೇ... ಬಾತುಕೋಳಿ ಥರ. ನೀನು ಮಾತಾಡು, ನಾನೂ ನಗ್ತೀನಿ. ಆಡಲ್ವಾ? ಸರಿ, ಬಿಡು.

ಕಾಲ್ಬೆರಳು ಆಡಿಸು. ಆಡಿಸೋ... ಇನ್ನೂ ಇಲ್ಲ. ಆಗುತ್ತೆ. ಸಮುದ್ರದ ಅಷ್ಟು ಆಳದಿಂದ ಒಂದೇ ಸಲಕ್ಕೆ ಮೇಲೆ ನುಗ್ಗಿದ್ರೆ ಮತ್ತೇನಾಗುತ್ತೆ? ಅದಕ್ಕೇ ಈ ಕಬ್ಬಿಣದ ಪೀಪಾಯಿ, ಮತ್ತೆ ಒತ್ತಡ ಕೊಟ್ಟು ನಿಧಾನಕ್ಕೆ ಇಳಿಸೋಕೆ. ಬಾಗ್ಲು ನೋಡ್ಬೇಡ. ಒತ್ತಡ ಇಳಿಯೋವರೆಗೂ ಅದು ತೆಗೆಯಲ್ಲ. ನನಗೂ ಅಷ್ಟೇ. ಜೊತೆಗೊಬ್ಬರು ಒಳಗಿರ್ಬೇಕು ಅಂದ್ರು ಡಾಕ್ಟ್ರಮ್ಮ. ಭಾವ ನಾನಿದೀನಲ್ಲ ಅಂದೆ.

ಬ್ರೆಡ್ಡು, ಕಂದು ಚೀಸು. ನಿಮ್ಮಮ್ಮ ಕಳಿಸಿದಾರೆ... ಬೇಡ್ವಾ.

ಸಿಲಿಂಡರಲ್ಲಿ ಗಾಳಿ ಮುಗೀತಾ ಬಂದ್ರೂ ಆ ಹಡಗೊಳಗೆ ಯಾಕೋ ನಿಂತೆ? ನಮ್ಮಜ್ಜನ ಕಾಲದಲ್ಲಿ ಮುಳುಗಿದ ಹಬೆ ಹಡಗು, ಎಲ್ಲಿಗೆ ಓಡಿಹೋಗುತ್ತೆ? ಹ್ಞಾಂ, ಗೊತ್ತು, ಗೊತ್ತು. ಬಿಲ್ಲೆ. ಒಳಗೆ ಹೋಗೋನು, ದಾರಿ ತಪ್ಪದಿರ್ಲಿ ಅಂತ ಕಟ್ಟಿರೋ ದಾರಕ್ಕೆ ತನ್ನ ಬಿಲ್ಲೆ ಸಿಕ್ಕಿಸ್ಬೇಕು, ಹೊರಗೆ ಬರ್ತಾ ಕಿತ್ಕೋಬೇಕು. ಬಿಲ್ಲೆ ಇದ್ರೆ ಆಳು ಒಳಗಿದಾನೆ ಅಂತ. ಇಂಜಿನ್ ಕೋಣೆ, ಬಾಯ್ಲರ್ ಹಿಂದೆ, ಎಲ್ಲಾ ತಡಕಾಡಿದೆಯಂತೆ. ಯಾರೂ ಇರ್ಲಿಲ್ಲ. ಯಾವನೋ ಪ್ರವಾಸಿ ಮರೆತು ಹೋಗಿರ್ತಾನೆ. ಜರ್ಮನಿಯವನು...

ಹಂಗ್ಯಾಕೆ ನೋಡ್ತೀಯ?

ನಿಮ್ಮಕ್ಕ ಇದ್ದಿದ್ರೆ ಇಬ್ಬರಿಗೂ ಬಯ್ತಿದ್ಳು. ಗುನ್ವೋರ್ ಸಿಟ್ಟು ನಿಂಗೊತ್ತಲ್ಲ. ಇಷ್ಟು ವರ್ಷ ಮುಳುಗಿ ಎದ್ರೂ ಈ ಕೊರೆಯೋ ನೀರು ಅವಳಿಗೆ ಏನೂ ಮಾಡ್ಲಿಲ್ಲ. ಹೋಗಿದ್ದು ಬೆರ್ಗೆನ್ನಲ್ಲಿ, ಆಸ್ಪತ್ರೆ ಮಂಚದ ಮೇಲೆ... ಬೆಚ್ಚಗೆ.

ಆ ಮುಷ್ಟಿ ಬಿಡಿಸೋ, ರಕ್ತ ಓಡಾಡ್ಲಿ. ಏನಿದೆ ಅದರಲ್ಲಿ?

ಓ... ಆ ಬಿಲ್ಲೆ ಕಿತ್ಕೊಂಡೇ ಬಂದ್ಯಾ.

ಅಷ್ಟು ಕೆಳಗೆ ಕೆಂಪು ಕಾಣಲ್ಲ. ಎಲ್ಲಾ ಕಪ್ಪೇ. ದೋಣಿಗೆ ಬಂದ್ಮೇಲೆ ಕಾಣಿಸ್ತಾ? ಅವಳ ಉಗುರುಬಣ್ಣ. ತನ್ನ ಬಿಲ್ಲೆಗೆಲ್ಲ ಬಳೀತಿದ್ಳು. ಅಕ್ಕ ಮೀನುಗಳ ಮದುವೆಗೆ ಹೊರಟ್ಳು ಅಂತ ನೀನೇ ಆಡ್ಕೋತಿದ್ದೆ.

ಬಯ್ಯಿ.

ಜರ್ಮನಿಯವನೂ ಇಲ್ಲ, ಯಾವನೂ ಇಲ್ಲ. ನಾನೇ... ಅವಳನ್ನ ಮಣ್ಣು ಮಾಡಿದ ವಾರವೇ ಹೋಗಿ ಅವಳ ಬಿಲ್ಲೆ ಸಿಕ್ಕಿಸ್ದೆ. ಬಿಲ್ಲೆ ಇದ್ರೆ ಒಳಗಿದಾಳೆ. ಬರೋದು ತಡ, ಅಷ್ಟೇ... ದೋಣಿಯಲ್ಲಿ ಕೂತು ಕಾಯ್ಬಹುದು. ಯಾರಾದ್ರೂ ಹುಡುಕ್ತಾರೆ ಅಂತ ಹೊಳೀಲೇ ಇಲ್ಲ ಕಣೋ. ನೀನು ಹುಡುಕ್ತೀಯ ಅಂತ...

ಕಾಲ್ಬೆರಳು, ಐವಿಂದ್. ಒಂದ್ಸಲ. ನಿಮ್ಮಕ್ಕನಾಣೆ.

ಆಡಿಸೋ...