ಶೆಡ್ಡಿನಲ್ಲಿ ಮುರಿದ ಐವತ್ತು

೨೦೨೫ರ ಫೆಬ್ರುವರಿ ಹದಿನೆಂಟು. ತಿಕೋಟಾ ಬಸ್ ನಿಲ್ದಾಣದಲ್ಲಿ ಹನ್ನೊಂದು ಜನರಿದ್ದೆವು. ನನ್ನ ಪಕ್ಕದಲ್ಲಿ ಒಣದ್ರಾಕ್ಷಿ ಶೆಡ್ಡಿನಲ್ಲಿ ಆರಿಸುವ ಕೆಲಸದ ಇಬ್ಬರು ಹೆಂಗಸರು ಕುಳಿತಿದ್ದರು. ಹಿರಿಯಳು ಬೋರವ್ವ, ಕಿರಿಯಳು ಕಸ್ತೂರಿ. ಮೊದಲು ಮಾತೆತ್ತಿದವಳು ಕಸ್ತೂರಿ.

“ಕೂಲ್ಯಾಗ ದಿನಕ್ಕ ಐವತ್ತು ಯಾಕ ಮುರಕೊಂಡ್ರಿ ಸಾವಕಾರ್ರ ಅಂತ ಕೇಳಿದೆ, ಚಿಗವ್ವಾ. ‘ಗೃಹಲಕ್ಷ್ಮಿ ಎರಡು ಸಾವಿರ ಬರತೈತಲ್ಲ ನಿನಗ’ ಅಂದ.”

“ಅವಗೂ ಸರಕಾರದ ರೈತರ ರೊಕ್ಕ ಬರತೈತಿ. ಅದಕ್ಕ ದ್ರಾಕ್ಷಿ ಸಸ್ತಾ ಮಾರ್ಯಾನೇನ?”

“ಹಂಗೇ ಕೇಳಿದೆ. ‘ಹೆಂಗಸ್ರು ಭಾಳ ಲೆಕ್ಕಾ ಕಲ್ತ್ರಿ’ ಅಂತ ನಕ್ಕ.”

ತಿಂಗಳಿಗೆ ಇಪ್ಪತ್ತಾರು ದಿನದ ಕೆಲಸ. ಹಾಗಾದರೆ ಎರಡು ಸಾವಿರದಲ್ಲಿ ಸಾವಿರದ ಮುನ್ನೂರು ಸಾವುಕಾರನ ಪಾಲು. ಎರಡು ಸಲ ಗುಣಿಸಿದೆ, ಉತ್ತರ ಬದಲಾಗಲಿಲ್ಲ.

“ಹ್ವಾದ ವರ್ಷ ಆಗಿದ್ರ ಬಾಯಿ ಮುಚ್ಚಿಕೊಂಡು ಕುಂದರತಿದ್ದಿ.”

“ಹ್ವಾದ ವರ್ಷ ಮಗಳ ಸಾಲಿಗಂತ ಅವನ ಅಡ್ವಾನ್ಸ್ ಇಸಗೊಂಡಿದ್ದೆ ಬೇ. ಸೀಜನ್ ಮುಗಿಯೂತನಕ ಕಾಲು ಕಟ್ಟಿ ಹಾಕಿದಂಗ. ಈ ಸಲ ಫೀ ತುಂಬಿದ್ದು ಗೃಹಲಕ್ಷ್ಮಿ ರೊಕ್ಕದಾಗ. ಅವನ ಪೈಸಾ ಮುಟ್ಟಿಲ್ಲ.”

“ಈಗ ಎತ್ತ ಹೊಂಟಿ ಮತ್ತ?”

“ಬಬಲೇಶ್ವರದ ಶೆಡ್ಡಿಗೆ. ಅಲ್ಲಿ ಪೂರಾ ಕೂಲಿ ಕೊಡ್ತಾರಂತ.”

“ಆರು ದಿನ ಮುರಕೊಂಡಿದ್ದು ಬಿಟ್ಟಿಯೇನು?”

“ಯಾಕ ಬಿಡ್ಲಿ? ಇಷ್ಟು ವರ್ಷ ನಾ ಅವಗ ಕೊಡಬೇಕಿತ್ತು, ಮಂದಿ ಮುಂದ ಕೇಳತಿದ್ದ. ಈಗ ಅವ ನನಗ ಕೊಡಬೇಕು. ನಾನೂ ಸಂತ್ಯಾಗ ನಿಂತು ಕೇಳ್ತೀನಿ.”

ಬಬಲೇಶ್ವರದ ಬಸ್ಸು ಬಂದಿತು.

“ತಡಿಯಲೇ, ನಾನೂ ಬರ್ತೀನಿ,” ಎಂದು ಬೋರವ್ವನೂ ಎದ್ದಳು.

ನಿಲ್ದಾಣದಲ್ಲಿ ಒಂಬತ್ತು ಜನ ಉಳಿದೆವು. ಸಾವುಕಾರನ ಮೇಲೆ ಕಸ್ತೂರಿಯ ಮುನ್ನೂರು ರೂಪಾಯಿ ಬಾಕಿ ಉಳಿಯಿತು.